ಗ್ಯಾಸ್ ಮುಗಿಯುವುದಿಲ್ಲ, ಸೋರುತ್ತದೆ: ಕಾರಿನ ಎ.ಸಿ. ಹಾಗೂ ವಿದ್ಯುತ್ ದುರಸ್ತಿಯ ಕುರಿತು ಒಂದು ಅವಲೋಕನ

ಏಪ್ರಿಲ್ ತಿಂಗಳು ಕಾಲಿಟ್ಟಿತೆಂದರೆ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಊರಿನ ಮಾತು ಆರಂಭವಾಗುತ್ತದೆ. ಮಕ್ಕಳ ಪರೀಕ್ಷೆ ಮುಗಿಯುವುದೇ ತಡ, ಕೆಲವರು ಪನ್ವೇಲ್ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿ, ಮಂಗಳೂರುಗಳತ್ತ ಹೊರಟರೆ, ಇನ್ನು ಕೆಲವರು ಪುಣೆ, ಕೊಲ್ಲಾಪುರಗಳ ಮಾರ್ಗವಾಗಿ ಬೆಳಗಾವಿ, ಹುಬ್ಬಳ್ಳಿಗಳತ್ತ ಸಾಗುತ್ತಾರೆ. ಒಂದು ಕಾಲದಲ್ಲಿ ರಾತ್ರಿ ಬಸ್ಸನ್ನೂ ಬಳಿಕ ಕೊಂಕಣ ರೈಲನ್ನೂ ನೆಚ್ಚಿದ್ದ ಅನೇಕ ಕುಟುಂಬಗಳು ಇಂದು ಸ್ವಂತ ಕಾರಿನಲ್ಲೇ ಊರಿಗೆ ತೆರಳುತ್ತಿವೆ. ಹೊರಡುವ ವಾರದ ಮೊದಲು ಬಡಾವಣೆಯ ಗ್ಯಾರೇಜಿನ ಮುಂದೆ ಸಾಲು. ಅಲ್ಲಿ ಎಲ್ಲರ ಬಾಯಲ್ಲೂ ಕೇಳಿಬರುವುದು ಒಂದೇ ವಾಕ್ಯ: "ಎ.ಸಿ. ತಂಪಾಗುತ್ತಿಲ್ಲ, ಸ್ವಲ್ಪ ಗ್ಯಾಸ್ ತುಂಬಿಸಿಬಿಡಿ."

ಮೇಲ್ನೋಟಕ್ಕೆ ನಿರುಪದ್ರವಿಯಾದ ಈ ವಾಕ್ಯದಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಅಡಗಿದೆ ಎಂಬುದನ್ನು ಓದುಗರ ಗಮನಕ್ಕೆ ತರಬಯಸುತ್ತೇವೆ. ಎ.ಸಿ.ಯ ಗ್ಯಾಸ್ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಲೇ ಇರುವ ದ್ರವ್ಯ. ಕಂಪ್ರೆಸರ್ ಅದನ್ನು ಒತ್ತುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿನಲ್ಲಿ ಅದು ತನ್ನ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟು ದ್ರವವಾಗುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಇವಾಪೊರೇಟರಿನಲ್ಲಿ ಮತ್ತೆ ಅನಿಲವಾಗುತ್ತಾ ಒಳಗಿನ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಕೊಳವೆಗಳ ಮೂಲಕ ವರ್ಷಗಳ ಅವಧಿಯಲ್ಲಿ ಅಲ್ಪ ಪ್ರಮಾಣ ಹೊರಹೋಗುವುದು ಸಹಜ. ಆದರೆ ಪ್ರತಿ ಬೇಸಿಗೆಯಲ್ಲೂ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ. ಸೋರುವ ಕೊಡವನ್ನು ಬೆಸೆಯದೆ ಬಾವಿಯಿಂದ ನೀರು ಸೇದುತ್ತಲೇ ಇದ್ದರೆ ಆಗುವುದೇನು?

ಈ ತಪ್ಪನ್ನು ನಾವೂ ಮಾಡಿದವರೇ. ಸತತ ಮೂರು ಬೇಸಿಗೆ ನಮ್ಮ ಹಳೆಯ ಕಾರಿಗೆ ಗ್ಯಾಸ್ ತುಂಬಿಸಿದೆವು. ಅರ್ಧ ಗಂಟೆಯ ಕೆಲಸ, ಕೈಗೆಟಕುವ ಖರ್ಚು, ಮಳೆಗಾಲದವರೆಗೆ ತಂಪು. ನಾಲ್ಕನೆಯ ವರ್ಷ ಒಬ್ಬ ವಯಸ್ಸಾದ ಮೆಕ್ಯಾನಿಕ್ ಗ್ಯಾಸ್ ತುಂಬಿಸಲು ಒಪ್ಪಲಿಲ್ಲ. "ಮೊದಲು ಎಲ್ಲಿ ಹೋಗುತ್ತಿದೆ ಎಂದು ನೋಡೋಣ" ಎಂದ ಆತ ಕೊಳವೆಯೊಳಗೆ ಬಣ್ಣದ ದ್ರಾವಣ ಹಾಕಿ, ಕಾರನ್ನು ಓಡಿಸಿ, ನೇರಳಾತೀತ ದೀಪದಡಿ ಹುಡುಕಿದ. ಕಂಡೆನ್ಸರಿನ ಜೋಡಣೆಯ ಬಳಿ ಹಸಿರು ಹೊಳಪು ಕಾಣಿಸಿತು. ಸವೆದುಹೋದ ಒಂದು ಚಿಕ್ಕ ರಬ್ಬರ್ ಉಂಗುರವೇ ಎಲ್ಲಕ್ಕೂ ಕಾರಣವಾಗಿತ್ತು. ಅಷ್ಟರಲ್ಲಿ ಕಂಪ್ರೆಸರ್ ಸದ್ದು ಮಾಡಲಾರಂಭಿಸಿತ್ತು. ಕಂಪ್ರೆಸರಿಗೆ ಬೇಕಾದ ಎಣ್ಣೆ ಗ್ಯಾಸಿನೊಡನೆಯೇ ಸುತ್ತುವುದರಿಂದ ಗ್ಯಾಸ್ ಕಡಿಮೆಯಾದಂತೆ ಎಣ್ಣೆಯೂ ಸರಿಯಾಗಿ ತಲುಪದು. ಉಂಗುರವನ್ನು ಮೂರು ವರ್ಷ ಕಡೆಗಣಿಸಿದ್ದಕ್ಕೆ ಕಂಪ್ರೆಸರಿನ ಬೆಲೆ ತೆರಬೇಕಾಯಿತು.

ಇನ್ನೊಂದು ಸಂಗತಿಯೂ ಇದೆ. ತಂಪು ಕಡಿಮೆಯಾದ ಪ್ರತಿ ಸಲವೂ ಗ್ಯಾಸೇ ಕಾರಣವಾಗಿರಬೇಕಿಲ್ಲ. ಧೂಳು ತುಂಬಿದ ಕ್ಯಾಬಿನ್ ಫಿಲ್ಟರ್, ತಿರುಗದ ಕಂಡೆನ್ಸರ್ ಫ್ಯಾನ್, ಸುಟ್ಟ ರಿಲೇ, ಸಡಿಲವಾದ ಬೆಲ್ಟ್ ಇವು ಕೂಡ ಕಾರಣಗಳೇ. ಇವುಗಳಲ್ಲಿ ಹಲವು ವಿದ್ಯುತ್ತಿಗೆ ಸಂಬಂಧಿಸಿದ ದೋಷಗಳೆಂಬುದನ್ನು ಗಮನಿಸಬೇಕು. ಎ.ಸಿ. ಮತ್ತು ವಿದ್ಯುತ್ ವ್ಯವಸ್ಥೆ ಒಂದೇ ದೇಹದ ಎರಡು ಅಂಗಗಳು. ವಿದ್ಯುತ್ತಿನ ವಿಷಯದಲ್ಲಿಯೂ ನಮ್ಮ ವರ್ತನೆ ಇದೇ ಬಗೆಯದು. ಗ್ಯಾಸ್ 'ಮುಗಿಯಿತು' ಎನ್ನುವಂತೆಯೇ ಫ್ಯೂಸ್ 'ಹೋಯಿತು' ಎನ್ನುತ್ತೇವೆ. ವಾಸ್ತವದಲ್ಲಿ ಫ್ಯೂಸ್ ತಾನು ಸುಟ್ಟು ತಂತಿಯನ್ನು ಉಳಿಸಿರುತ್ತದೆ; ಆ ದಾರಿಯಲ್ಲಿ ಎಲ್ಲೋ ಕರೆಂಟು ಮಿತಿಮೀರಿದೆ ಎಂದು ಎಚ್ಚರಿಸಿರುತ್ತದೆ. ಎಚ್ಚರಿಕೆಯನ್ನು ಕೇಳದೆ 15 ಆಂಪಿಯರಿನ ನೀಲಿ ಫ್ಯೂಸಿನ ಜಾಗದಲ್ಲಿ 30 ಆಂಪಿಯರಿನ ಹಸಿರು ಫ್ಯೂಸನ್ನೋ ತಾಮ್ರದ ಎಳೆಯನ್ನೋ ತುರುಕಿದರೆ, ಮುಂದಿನ ಬಾರಿ ಸುಡುವುದು ತಂತಿಯೇ. ಹೆಚ್ಚು ಬೆಳಕಿಗಾಗಿ 60/55 ವ್ಯಾಟಿನ ಹೆಡ್‌ಲೈಟ್ ಬಲ್ಬಿನ ಸ್ಥಾನದಲ್ಲಿ 100/90 ವ್ಯಾಟಿನದನ್ನು ಹಾಕುವುದೂ ಇಂತಹುದೇ. ಮೂಲ ತಂತಿಗಳನ್ನೇ ಬಳಸಿ ಅದನ್ನು ಉರಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಒಂದೂವರೆ ಪಟ್ಟಿಗಿಂತ ಹೆಚ್ಚು. ಕನೆಕ್ಟರು ಕರಗುವುದು ಕೇವಲ ಕಾಲದ ಪ್ರಶ್ನೆ.

ಕಾರಿನ ವಿದ್ಯುತ್ತು ಜೀವನ್ಮರಣದ ಪ್ರಶ್ನೆಯಾಗಬಲ್ಲುದೆಂಬುದನ್ನು ಮುಂಬಯಿಗರಿಗೆ ಹೇಳಬೇಕಾಗಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ, ನೀರಿನಲ್ಲಿ ನಿಂತ ಕಾರುಗಳ ಕಿಟಕಿ, ಬಾಗಿಲುಗಳು ತೆರೆಯದೆ ಒಳಗಿದ್ದವರು ಉಸಿರುಗಟ್ಟಿ ಪ್ರಾಣಬಿಟ್ಟರು. ಆ ದಿನದ ನೆನಪು ಅನೇಕ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಮಾಸಿಲ್ಲ. ಅಂದಿನ ಬಳಿಕ ಕಾರುಗಳಲ್ಲಿ ತಂತಿಗಳು ಕಡಿಮೆಯಾಗಿಲ್ಲ, ಹೆಚ್ಚಿವೆ. ಹಿಂದೆ ತಂತಿ ಕರೆಂಟನ್ನು ಮಾತ್ರ ಒಯ್ಯುತ್ತಿತ್ತು. ಇಂದು ಅದು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶವನ್ನೂ ಒಯ್ಯುತ್ತದೆ. ಹಾರ್ನಿಗಾಗಿಯೋ ಕ್ಯಾಮೆರಾಕ್ಕಾಗಿಯೋ ಆ ತಂತಿಯನ್ನು ಕತ್ತರಿಸಿ ಟೇಪು ಸುತ್ತುವವರಿಗೆ ತಾವು ಯಾವ ಮಾತನ್ನು ಕತ್ತರಿಸಿದೆವೆಂಬುದೇ ತಿಳಿದಿರುವುದಿಲ್ಲ.

ಇನ್ನು ಈ ವಿಷಯ ಪ್ರಚಲಿತ ವಿದ್ಯಮಾನವಾಗುವುದು ಹೇಗೆಂಬುದನ್ನು ನೋಡೋಣ. ಹಿಂದಿನ ಕಾರುಗಳಲ್ಲಿ ಬಳಕೆಯಲ್ಲಿದ್ದ ಆರ್-12 ಎಂಬ ಅನಿಲ ಓಜೋನ್ ಪದರವನ್ನು ನಾಶಪಡಿಸುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಮೂಲಕ ಜಗತ್ತು ಅದನ್ನು ಕೈಬಿಡಲು ನಿರ್ಧರಿಸಿತು. ಭಾರತವು 1992ರಲ್ಲಿ ಆ ಒಪ್ಪಂದವನ್ನು ಸೇರಿತು. ಅದರ ಬದಲಿಗೆ ಬಂದ ಆರ್-134ಎ ಓಜೋನಿಗೆ ನಿರಪಾಯಕಾರಿ. ಆದರೆ ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಅದು, ತೂಕಕ್ಕೆ ತೂಕ ಹೋಲಿಸಿದರೆ, ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಪ್ರಬಲ. ಒಂದು ಸಣ್ಣ ಕಾರಿನಲ್ಲಿ ಸುಮಾರು 500 ಗ್ರಾಂ ಇರುತ್ತದೆಂದುಕೊಳ್ಳೋಣ. ಅಷ್ಟೂ ಸೋರಿಹೋದರೆ ಸುಮಾರು 700 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಒಂದು ಲೀಟರ್ ಪೆಟ್ರೋಲ್ ಉರಿದಾಗ ಹೊಮ್ಮುವುದು ಸುಮಾರು 2.3 ಕಿಲೋ. ಅಂದರೆ ಒಮ್ಮೆ ಸೋರಿದ ಗ್ಯಾಸ್ 300 ಲೀಟರ್ ಪೆಟ್ರೋಲ್ ಉರಿಸಿದ್ದಕ್ಕೆ ಸಾಟಿ. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ಮುಂಬಯಿಯಿಂದ ಮಂಗಳೂರಿಗೆ ಎರಡು ಬಾರಿ ಹೋಗಿ ಬಂದರೂ ಅಷ್ಟು ಪೆಟ್ರೋಲ್ ಮುಗಿಯದು.

ಈ ಕಾರಣದಿಂದಲೇ 2016ರ ಅಕ್ಟೋಬರಿನಲ್ಲಿ ರುವಾಂಡಾದ ಕಿಗಾಲಿಯಲ್ಲಿ ಮಾಂಟ್ರಿಯಲ್ ಒಪ್ಪಂದಕ್ಕೆ ತಿದ್ದುಪಡಿಯಾಯಿತು. ಭಾರತವು 2021ರಲ್ಲಿ ಅದನ್ನು ಅಂಗೀಕರಿಸಿತು. ಅದರಂತೆ 2028ರಲ್ಲಿ ಈ ವರ್ಗದ ಅನಿಲಗಳ ಉತ್ಪಾದನೆ ಮತ್ತು ಬಳಕೆಗೆ ಮಿತಿ ಬೀಳಲಿದೆ. ಆ ಬಳಿಕ 2032ರಲ್ಲಿ ಶೇಕಡಾ 10, 2037ರಲ್ಲಿ 20, 2042ರಲ್ಲಿ 30, 2047ರಲ್ಲಿ 85ರಷ್ಟು ಇಳಿಕೆಯಾಗಬೇಕು. ಐರೋಪ್ಯ ಒಕ್ಕೂಟದಲ್ಲಿ 2017ರಿಂದ ಯಾವ ಹೊಸ ಕಾರಿಗೂ ಆರ್-134ಎ ತುಂಬುವಂತಿಲ್ಲ. ಅಲ್ಲಿ ಪೂರೈಕೆಗೆ ಮಿತಿ ಬಿದ್ದಾಗ, 2018ರ ಸುಮಾರಿಗೆ, ಈ ಅನಿಲಗಳ ಬೆಲೆ ಹಲವು ಪಟ್ಟು ಏರಿ ಕಳ್ಳಸಾಗಣೆಯೂ ಹೆಚ್ಚಿತು. ಇಂದು ಅಗ್ಗವಾಗಿ ದೊರೆಯುವ ಗ್ಯಾಸ್ ನಮ್ಮಲ್ಲಿಯೂ ಸದಾಕಾಲ ಅಗ್ಗವಾಗಿಯೇ ಇರುವುದೆಂದು ನಂಬುವಂತಿಲ್ಲ. ಬೆಲೆಯೇರಿದಾಗ ಕಲಬೆರಕೆಯ ಸಿಲಿಂಡರುಗಳೂ, ಬೆಂಕಿಗೆ ಸುಲಭವಾಗಿ ತುತ್ತಾಗುವ ಅಡುಗೆ ಅನಿಲದಂತಹ ಬದಲಿಗಳೂ ಪೇಟೆಗೆ ನುಸುಳುವ ಅಪಾಯವಿದೆ.

ಅದೇ ಹೊತ್ತಿಗೆ ಎ.ಸಿ. ಇರುವ ವಾಹನಗಳು ಹೆಚ್ಚುತ್ತಿವೆ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಲಾರಿಗಳ ಚಾಲಕರ ಕ್ಯಾಬಿನಿಗೂ ಎ.ಸಿ. ಕಡ್ಡಾಯಗೊಳಿಸುವ ನಿಯಮ ಬಂದಿದೆ. ಉರಿಬಿಸಿಲಿನಲ್ಲಿ ದುಡಿಯುವ ಚಾಲಕನಿಗೆ ತಂಪು ದೊರೆಯುವುದು ಸ್ವಾಗತಾರ್ಹವೇ. ಆದರೆ ಇಷ್ಟೊಂದು ಯಂತ್ರಗಳನ್ನು ಸರಿಯಾಗಿ ನೋಡಿಕೊಳ್ಳುವವರು ಯಾರು?

ಇಲ್ಲಿ ನಮ್ಮ ಬೀದಿಯ ತಿರುವಿನಲ್ಲಿರುವ ಆಟೋ ಇಲೆಕ್ಟ್ರಿಶಿಯನ್ ನೆನಪಾಗುತ್ತಾನೆ. ಆತನನ್ನು ದೂರುವುದು ಸುಲಭ. ಆದರೆ ಸೋರಿಕೆ ಹುಡುಕಲು ಎರಡು ಮೂರು ಗಂಟೆ ಬೇಕು, ಆ ಶ್ರಮಕ್ಕೆ ಹಣ ಕೊಡಲು ನಾವು ಹಿಂಜರಿಯುತ್ತೇವೆ. ಅರ್ಧ ಗಂಟೆಯಲ್ಲಿ ಗ್ಯಾಸ್ ತುಂಬಿಸಿದರೆ ಮರುಮಾತಿಲ್ಲದೆ ಕೊಡುತ್ತೇವೆ. ಹಳೆಯ ಗ್ಯಾಸನ್ನು ಗಾಳಿಗೆ ಬಿಡದೆ ಹಿಡಿದಿಡುವ ಯಂತ್ರ ದುಬಾರಿ. ಕಾರಿನ ಕಂಪ್ಯೂಟರನ್ನು ಪೂರ್ಣವಾಗಿ ಓದುವ ಉಪಕರಣಗಳು ಬಹುಕಾಲ ಅಧಿಕೃತ ಕೇಂದ್ರಗಳ ಸ್ವತ್ತಾಗಿದ್ದವು. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗಗಳೂ ಉಪಕರಣಗಳೂ ದೊರೆಯದಂತಾಗಿದೆ ಎಂಬ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗವು 2014ರಲ್ಲಿ 14 ಕಾರು ತಯಾರಕರಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ತಯಾರಕರು ಅದನ್ನು ಪ್ರಶ್ನಿಸಿ ಕಾನೂನು ಹೋರಾಟಕ್ಕಿಳಿದರು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ದುರಸ್ತಿಯ ಹಕ್ಕು' ಕುರಿತು ಸಮಿತಿಯೊಂದನ್ನು ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ತಂದಿತು. 2019ರ ಭಾರತ ತಂಪು ಕ್ರಿಯಾ ಯೋಜನೆಯು 2022-23ರೊಳಗೆ ಒಂದು ಲಕ್ಷ ದುರಸ್ತಿ ತಂತ್ರಜ್ಞರಿಗೆ ತರಬೇತಿ ಹಾಗೂ ಪ್ರಮಾಣಪತ್ರ ನೀಡುವ ಗುರಿಯಿಟ್ಟಿತ್ತು. ನಾವು ಹೋಗುವ ಗ್ಯಾರೇಜುಗಳ ಗೋಡೆಗಳಲ್ಲಿ ಮಾತ್ರ ಅಂತಹ ಪ್ರಮಾಣಪತ್ರವೊಂದನ್ನೂ ನಾವಿನ್ನೂ ಕಂಡಿಲ್ಲ.

ಹಾಗಾದರೆ ಅಧಿಕೃತ ಕೇಂದ್ರಕ್ಕೇ ಹೋಗಬಾರದೇಕೆ ಎಂದು ಕೆಲವರು ಕೇಳಬಹುದು. ವಾರಂಟಿ ಇರುವವರೆಗೆ ಅದೇ ಸೂಕ್ತ. ಆದರೆ ಹತ್ತು ವರ್ಷ ಹಳೆಯ ಕಾರಿನ ಒಂದು ಸಣ್ಣ ದೋಷಕ್ಕಾಗಿ ಇಡೀ ಜೋಡಣೆಯನ್ನೇ ಬದಲಾಯಿಸುವ ವೆಚ್ಚ ಎಲ್ಲರಿಗೂ ನಿಲುಕದು. ಇಲೆಕ್ಟ್ರಿಕ್ ಕಾರುಗಳಂತೂ ಪ್ರಶ್ನೆಯನ್ನು ಇನ್ನಷ್ಟು ಗಂಭೀರಗೊಳಿಸಿವೆ. ಅವುಗಳಲ್ಲಿ ಕಂಪ್ರೆಸರ್ ನಡೆಯುವುದು ಬ್ಯಾಟರಿಯ ನೂರಾರು ವೋಲ್ಟಿನ ವಿದ್ಯುತ್ತಿನಿಂದ. ಕಿತ್ತಳೆ ಬಣ್ಣದ ಆ ಕೇಬಲ್ಲುಗಳನ್ನು ತರಬೇತಿಯಿಲ್ಲದ ಕೈ ಮುಟ್ಟುವುದು ಪ್ರಾಣಾಪಾಯ. ಸಾಮಾನ್ಯ ಕಾರಿನ ಎ.ಸಿ. ಎಣ್ಣೆಯನ್ನು ಅಲ್ಲಿ ಸುರಿದರೆ ಕಂಪ್ರೆಸರಿನ ವಿದ್ಯುತ್ ನಿರೋಧಕತೆಯೇ ಕೆಡಬಹುದು. ಹಲವು ಮಾದರಿಗಳಲ್ಲಿ ಬ್ಯಾಟರಿಯನ್ನು ತಂಪಾಗಿರಿಸುವುದೂ ಇದೇ ವ್ಯವಸ್ಥೆ. ತರಬೇತಿ ದೊರೆಯದಿದ್ದರೆ ಮೂವತ್ತು ವರ್ಷಗಳ ಅನುಭವವಿರುವ ಮೆಕ್ಯಾನಿಕ್ ಕೂಡ ಬರುವ ದಶಕದಲ್ಲಿ ಕೆಲಸವಿಲ್ಲದೆ ನಿಲ್ಲಬೇಕಾದೀತು. ನಮ್ಮ ಹಳೆಯ ಕಾರುಗಳೂ ವಿಶ್ವಾಸದ ಕೈಯೊಂದನ್ನು ಕಳೆದುಕೊಂಡಾವು.

ಆದುದರಿಂದ ಕಾರು ಹೊಂದಿರುವ ಕುಟುಂಬಗಳಲ್ಲಿ ನಮ್ಮದೊಂದು ವಿನಂತಿ. ಮುಂದಿನ ಬಾರಿ ಗ್ಯಾಸ್ ತುಂಬಿಸಿ ಎನ್ನುವ ಮೊದಲು, ಸೋರಿಕೆ ಪರೀಕ್ಷಿಸಿ ಎನ್ನಿ. ಆ ಪರೀಕ್ಷೆಗೆ ಪ್ರತ್ಯೇಕವಾಗಿ ಹಣ ಕೊಡಿ. ತುಂಬುವ ಮುನ್ನ ಕೊಳವೆಗಳೊಳಗಿನ ಗಾಳಿ, ತೇವಾಂಶಗಳನ್ನು ವ್ಯಾಕ್ಯೂಮ್ ಪಂಪಿನಿಂದ ಅರ್ಧ ಗಂಟೆಯಾದರೂ ಹೊರತೆಗೆಯಲು ಹೇಳಿ. ಒಳಗುಳಿದ ತೇವ ಆಮ್ಲವಾಗಿ ಲೋಹವನ್ನು ತಿನ್ನುತ್ತದೆ. ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ನಮೂದಿಸಿದಷ್ಟೇ ಗ್ರಾಂ ಗ್ಯಾಸನ್ನು ತೂಕ ಮಾಡಿ ತುಂಬಲಿ. ಸುಟ್ಟ ಫ್ಯೂಸಿಗೆ ಅದೇ ಆಂಪಿಯರಿನದನ್ನು ಹಾಕಿಸಿ, ಮತ್ತೆ ಸುಟ್ಟರೆ ಕಾರಣವನ್ನು ಹುಡುಕಿಸಿ. ನೀರಿನಲ್ಲಿ ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಲು ಹೋಗದೆ ಗ್ಯಾರೇಜಿಗೆ ಎಳೆದೊಯ್ಯಿಸಿ. ಗಾಜು ಒಡೆಯುವ ಸಣ್ಣ ಸುತ್ತಿಗೆಯೊಂದು ಚಾಲಕನ ಕೈಗೆ ಸಿಗುವಂತಿರಲಿ.

ಸಂಘ ಸಂಸ್ಥೆಗಳಿಗೂ ಇಲ್ಲೊಂದು ಪಾತ್ರವಿದೆ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದ ಪರಂಪರೆ ಮುಂಬಯಿ ಕನ್ನಡಿಗರದು. ಆ ಶಾಲೆಗಳಲ್ಲಿ ಕಲಿತು ಮೇಲೆ ಬಂದವರ ಮಕ್ಕಳು ಇಂದು ಕಾರುಗಳಲ್ಲಿ ಓಡಾಡುತ್ತಿದ್ದಾರೆ. ವೈದ್ಯಕೀಯ ಶಿಬಿರ, ವಿದ್ಯಾರ್ಥಿವೇತನಗಳನ್ನು ನಡೆಸುವ ನಮ್ಮ ಸಂಘಗಳು, ಬಡಾವಣೆಯ ಮೆಕ್ಯಾನಿಕ್‌ಗಳಿಗಾಗಿ, ಅವರು ಯಾವ ಭಾಷೆಯವರೇ ಆಗಿರಲಿ, ಪರಿಣತರಿಂದ ಎರಡು ಭಾನುವಾರಗಳ ತರಬೇತಿ ಏರ್ಪಡಿಸುವುದು ಅಸಾಧ್ಯವೇನಲ್ಲ. ಗ್ಯಾಸ್ ಹಿಡಿದಿಡುವ ಯಂತ್ರವೊಂದನ್ನು ನಾಲ್ಕಾರು ಗ್ಯಾರೇಜುಗಳು ಸೇರಿ ಕೊಳ್ಳಲು ನೆರವಾಗುವುದೂ ಸಾಧ್ಯ.

2028 ದೂರವಿಲ್ಲ. ಕಾನೂನು ತನ್ನ ಹೆಜ್ಜೆಯಿಡುವ ಮೊದಲೇ ನಾವು ನಮ್ಮ ಮಾತನ್ನು ಬದಲಾಯಿಸಿಕೊಳ್ಳೋಣ. ಬರುವ ಬೇಸಿಗೆಯಲ್ಲಿ ಊರಿಗೆ ಹೊರಡುವ ಮುನ್ನ ಗ್ಯಾರೇಜಿನ ಮುಂದೆ ನಿಂತು, "ಎಲ್ಲಿ ಸೋರುತ್ತಿದೆ ನೋಡಿ, ಕಾಯುತ್ತೇವೆ" ಎನ್ನುವವರ ಸಂಖ್ಯೆ ಹೆಚ್ಚಲಿ ಎಂಬುದೇ ನಮ್ಮ ಹಾರೈಕೆ.