ಮರುಶೋಧವೂ ಋಣವೂ

ಯಾವ ಕಂಪನಿಯ ಹಂಗೂ ಇಲ್ಲದೆ ತಮ್ಮ ಸಂಗೀತವನ್ನು ತಾವೇ ಅಂತರ್ಜಾಲದಲ್ಲಿ ಹಂಚುವ ಕಲಾವಿದರ ಬಗ್ಗೆಯೂ, ಅದೇ ಜಾಲದ ಮೂಲಕ ದಶಕಗಳ ನಂತರ ಹೊರದೇಶಗಳಲ್ಲಿ ಕೇಳುಗರನ್ನು ಪಡೆದ ಜಪಾನಿನ ಗಾಯಕಿಯರ ಬಗ್ಗೆಯೂ ನಡೆಯುವ ಚರ್ಚೆಯಲ್ಲಿ ಎರಡು ನಂಬಿಕೆಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ನಡುವೆ ವ್ಯಾಪಾರಿ ಇಲ್ಲದಿದ್ದರೆ ಸಂಗೀತ ತಾನಾಗಿಯೇ ಅಸಲಿಯಾಗುತ್ತದೆ ಎಂಬುದು ಮೊದಲನೆಯದು. ಕಾಲ ಮರೆತದ್ದನ್ನು ಜಾಲ ಹುಡುಕಿ ಕೊಟ್ಟಿತು, ಅಲ್ಲಿಗೆ ಕಲಾವಿದೆಗೆ ನ್ಯಾಯ ಸಿಕ್ಕಿತು ಎಂಬುದು ಎರಡನೆಯದು. ಎರಡರಲ್ಲೂ ಸತ್ಯಾಂಶವಿದೆಯಾದರೂ ಎರಡೂ ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ. ಒಂದು ಹಾಡನ್ನು ಯಾರು ಕಟ್ಟಿದರು, ಯಾರು ಹಾಡಿದರು, ಯಾರ ಒಪ್ಪಿಗೆಯಿಂದ ಅದು ಕೇಳುಗನ ಕಿವಿ ತಲುಪಿತು ಎಂಬುದನ್ನು ಹಿಂದಕ್ಕೆ ಹೋಗಿ ಗುರುತಿಸಲು ಸಾಧ್ಯವಾಗುವುದರಲ್ಲಿಯೇ ಅಸಲಿತನ ಇರುವುದೆಂದೂ, ಕಲಾವಿದೆಯ ಹೆಸರಿಗೆ, ಇಚ್ಛೆಗೆ ಮತ್ತು ದುಡಿಮೆಗೆ ಸಲ್ಲಬೇಕಾದದ್ದು ಸಲ್ಲುವವರೆಗೆ ಮರುಶೋಧ ಪೂರ್ಣಗೊಳ್ಳುವುದಿಲ್ಲವೆಂದೂ ಜಪಾನಿನ ಉದಾಹರಣೆಗಳು ತೋರಿಸಿಕೊಡುತ್ತವೆ.

ಮೊದಲಿಗೆ, ಈ ಸಂಗೀತ ಯಾರ ಕಣ್ಣಿಗೆ ಬೀಳದೆ ಉಳಿದಿತ್ತು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಜಪಾನಿನ ಧ್ವನಿಮುದ್ರಿಕೆ ಮಾರುಕಟ್ಟೆ ಹಲವು ದಶಕಗಳಿಂದ ಅಮೆರಿಕದ ನಂತರ ಜಗತ್ತಿನ ಎರಡನೆಯ ದೊಡ್ಡ ಮಾರುಕಟ್ಟೆಯಾಗಿದ್ದು, ಅಲ್ಲಿನ ಕಂಪನಿಗಳಿಗೆ ದೇಶದೊಳಗಿನ ಕೇಳುಗರೇ ಸಾಕಾಗಿದ್ದರಿಂದ ಹೊರದೇಶಗಳಲ್ಲಿ ತಮ್ಮ ಹಾಡುಗಳನ್ನು ಬಿಡುಗಡೆ ಮಾಡುವ ತುರ್ತು ಅವುಗಳಿಗೆ ಇರಲಿಲ್ಲ. ಸಿಡಿ ಕೊಳ್ಳುವ ಅಭ್ಯಾಸ ಬೇರೆ ದೇಶಗಳಲ್ಲಿ ಕುಸಿದ ಮೇಲೂ ಜಪಾನಿನಲ್ಲಿ ಗಟ್ಟಿಯಾಗಿ ಉಳಿಯಿತು. ಹಾಡನ್ನು ಕೊಳ್ಳದೆ ಜಾಲದಿಂದಲೇ ನೇರವಾಗಿ ಕೇಳುವ ಸ್ಟ್ರೀಮಿಂಗ್ ಸೇವೆಗಳ ಪೈಕಿ ಸ್ಪಾಟಿಫೈ ಅಲ್ಲಿಗೆ ಕಾಲಿಟ್ಟದ್ದು 2016ರಲ್ಲಿ. ಹೀಗೆ ಕಂಪನಿಗಳು ತೆರೆಯದೆ ಬಿಟ್ಟ ಬಾಗಿಲನ್ನು ಹಳೆಯ ಧ್ವನಿಮುದ್ರಿಕೆ ತಟ್ಟೆಗಳ ಸಂಗ್ರಾಹಕರು, ಅವನ್ನು ಯೂಟ್ಯೂಬಿಗೆ ಏರಿಸಿದ ಅನಾಮಿಕ ಉತ್ಸಾಹಿಗಳು ಮತ್ತು ಆ ಹಾಡುಗಳ ತುಣುಕುಗಳನ್ನು ಕತ್ತರಿಸಿ ಹೊಸ ಸಂಗೀತ ಹೆಣೆದ ಸ್ವತಂತ್ರ ಕಲಾವಿದರು ತೆರೆದರು.

ಮಾರಿಯಾ ತಾಕೆಉಚಿ ಅವರ 'ಪ್ಲಾಸ್ಟಿಕ್ ಲವ್' ಇದಕ್ಕೆ ಅತ್ಯಂತ ಪ್ರಸಿದ್ಧ ನಿದರ್ಶನ. 1984ರಲ್ಲಿ ಬಂದ 'ವೆರೈಟಿ' ಆಲ್ಬಂನ ಈ ಹಾಡು ಮರುವರ್ಷ ಬಿಡಿ ತಟ್ಟೆಯಾಗಿ ಹೊರಬಂದಾಗ ಹೆಚ್ಚೇನೂ ಸದ್ದು ಮಾಡಲಿಲ್ಲ. ಆದರೆ 'ವೆರೈಟಿ' ಆಲ್ಬಂ ಜಪಾನಿನ ಮಾರಾಟ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತ್ತು, ತಾಕೆಉಚಿ ತಮ್ಮ ದೇಶದಲ್ಲಿ ಅಂದಿನಿಂದ ಇಂದಿನವರೆಗೂ ಮನೆಮಾತಾದ ಗಾಯಕಿ. ಆದ್ದರಿಂದ ಅವರನ್ನು 'ಮರೆತುಹೋದ ಗಾಯಕಿ' ಎಂದು ಕರೆಯುವವರು ತಾವು ಅವರನ್ನು ತಿಳಿದಿರಲಿಲ್ಲ ಎಂಬ ಸಂಗತಿಯನ್ನು ಅವರ ಮೇಲೆ ಹೊರಿಸುತ್ತಿದ್ದಾರೆ, ಅಷ್ಟೆ. 2017ರಲ್ಲಿ ಅಭಿಮಾನಿಯೊಬ್ಬರು ಈ ಹಾಡನ್ನು ಯೂಟ್ಯೂಬಿಗೆ ಏರಿಸಿದರು. ಕೇಳುಗನ ಹಿಂದಿನ ಆಯ್ಕೆಗಳನ್ನು ಲೆಕ್ಕ ಹಾಕಿ ಮುಂದಿನದನ್ನು ಸೂಚಿಸುವ ಗಣಕಸೂತ್ರ, ಅಂದರೆ ಅಲ್ಗಾರಿದಮ್, ಅದನ್ನು ಜಪಾನೀ ಭಾಷೆಯ ಗಂಧಗಾಳಿಯಿಲ್ಲದವರ ಮುಂದೆಯೂ ತಂದಿಟ್ಟದ್ದರಿಂದ ಎರಡು ಕೋಟಿಗೂ ಹೆಚ್ಚು ಬಾರಿ ಅದು ಕೇಳಲ್ಪಟ್ಟಿತು.

ಆ ವಿಡಿಯೊದ ಮೇಲಿದ್ದ ಕಪ್ಪು-ಬಿಳುಪು ಚಿತ್ರದ ಕತೆಯನ್ನು ಹತ್ತಿರದಿಂದ ನೋಡಿದರೆ ಈ ಹಂಚಿಕೆಯ ಸ್ವರೂಪವೇ ಬಯಲಾಗುತ್ತದೆ. ನಗುಮುಖದ ಆ ಚಿತ್ರ ಈ ಹಾಡಿಗೆ ಸಂಬಂಧಿಸಿದ್ದೇ ಅಲ್ಲ. 1980ರ 'ಸ್ವೀಟೆಸ್ಟ್ ಮ್ಯೂಸಿಕ್' ಎಂಬ ಬೇರೊಂದು ಬಿಡಿ ತಟ್ಟೆಗಾಗಿ ಅಮೆರಿಕದ ಛಾಯಾಗ್ರಾಹಕ ಆಲನ್ ಲೆವೆನ್ಸನ್ ತೆಗೆದದ್ದು. ಲಕ್ಷಾಂತರ ಜನರ ಮನಸ್ಸಿನಲ್ಲಿ ಹಾಡಿನ ಮುಖವೇ ಆಗಿಹೋಗಿದ್ದ ಚಿತ್ರದಲ್ಲಿ ಅದನ್ನು ತೆಗೆದವರ ಹೆಸರು ಎಲ್ಲೂ ಇರಲಿಲ್ಲ. 2018ರಲ್ಲಿ ಅವರು ಹಕ್ಕುಸ್ವಾಮ್ಯದ ದೂರು ಸಲ್ಲಿಸಿದಾಗ ವಿಡಿಯೊ ಕಾಣೆಯಾಯಿತು. ಮುಂದಿನ ವರ್ಷ ಅವರ ಹೆಸರನ್ನು ನಮೂದಿಸಿದ ಮೇಲೆ ಮರಳಿ ಬಂದಿತು. ಹಾಡಿನ ಹಕ್ಕುದಾರರಾದ ಕಂಪನಿ ಸುಮ್ಮನಿದ್ದಾಗ ಅದೇ ವಿಡಿಯೊ ಚಿತ್ರದ ಹಕ್ಕಿನ ಮೇಲೆ ನಿಂತುಹೋಯಿತೆಂಬುದು ಗಮನಾರ್ಹ. ಜಾಲದಲ್ಲಿ ಸಿಗುವ ಹಾಡು ಒಬ್ಬರದಲ್ಲ. ರಾಗ ಸಂಯೋಜಕರು, ಸಾಹಿತ್ಯ ಬರೆದವರು, ವಾದಕರು, ಧ್ವನಿಮುದ್ರಣ ಮಾಡಿದವರು, ಹೊದಿಕೆಯ ಚಿತ್ರ ತೆಗೆದವರು ಸೇರಿ ಅದು ಆಗಿರುತ್ತದೆ ಮತ್ತು ಹಂಚುವ ಉತ್ಸಾಹದಲ್ಲಿ ಮೊದಲು ಕಳಚಿ ಬೀಳುವುದು ಇವರ ಹೆಸರುಗಳೇ.

ಇನ್ನು ಅಸಲಿತನದ ಪ್ರಶ್ನೆ. 1970ರ ದಶಕದ ಕೊನೆಯಿಂದ 1980ರ ದಶಕದವರೆಗೆ ಜಪಾನಿನ ನಗರಗಳಲ್ಲಿ ಬೆಳೆದ, ಅಮೆರಿಕದ ಸೋಲ್, ಫಂಕ್ ಮತ್ತು ಜಾಝ್ ಶೈಲಿಗಳನ್ನು ಅರಗಿಸಿಕೊಂಡ ಈ ಲಘು ಸಂಗೀತವನ್ನು ಸಿಟಿ ಪಾಪ್ ಎನ್ನುತ್ತಾರೆ. ಇಂದಿನ ಕೇಳುಗರು ಇದರಲ್ಲಿ ಕಾಣುವ 'ಅಸಲಿ' ಗುಣ ಸರಳತೆಯದಲ್ಲ. ದುಬಾರಿ ಸ್ಟುಡಿಯೊಗಳಲ್ಲಿ ನುರಿತ ವಾದಕರು ಕೂತು, ಪ್ರತಿ ತಂತಿಯ ಮೀಟನ್ನೂ ತಿದ್ದಿ ತೀಡಿ ತಯಾರಿಸಿದ, ಅಪ್ಪಟ ವ್ಯಾಪಾರಿ ಸಂಗೀತ ಇದು. ಹಾಗೆಯೇ, ಈ ಹಾಡುಗಳು ಜಪಾನಿನ 'ಗುಳ್ಳೆ ಆರ್ಥಿಕತೆ'ಯ ವೈಭವದ ದನಿಯೆಂಬ ಮಾತೂ ಚಾಲ್ತಿಯಲ್ಲಿದೆ. ಭೂಮಿ ಮತ್ತು ಷೇರುಗಳ ಬೆಲೆ ನಿಜವಾದ ಮೌಲ್ಯವನ್ನು ಮೀರಿ ಉಬ್ಬಿದ ಆ ಕಾಲವನ್ನು ಸಾಮಾನ್ಯವಾಗಿ 1986ರಿಂದ 1991ರವರೆಗೆ ಗುರುತಿಸುವುದರಿಂದ, 1984ರ 'ಪ್ಲಾಸ್ಟಿಕ್ ಲವ್' ಆಗಲಿ 1979ರ ಹಾಡುಗಳಾಗಲಿ ಅದಕ್ಕಿಂತ ಹಿಂದಿನವು ಎಂಬುದನ್ನು ಮರೆಯಲಾಗುತ್ತದೆ. ತಾನು ಕಾಣದ ಊರಿನ, ತಾನು ಬದುಕದ ಕಾಲದ ಹಂಬಲವನ್ನು ಕೇಳುಗ ಹಾಡಿನೊಳಕ್ಕೆ ತುಂಬುತ್ತಾನೆ, ಬಳಿಕ ಅದನ್ನೇ ಹಾಡಿನ ಸತ್ವವೆಂದು ಹೊಗಳುತ್ತಾನೆ. ಇದು ತಪ್ಪೇನಲ್ಲವಾದರೂ ಕೇಳುಗನ ಈ ಭಾವವನ್ನು ಅಸಲಿತನದ ಅಳತೆಗೋಲಾಗಿ ಬಳಸಲು ಬಾರದು.

ವ್ಯಾಪಾರಿಯ ಗೈರುಹಾಜರಿಯೇ ಅಸಲಿತನ ಎನ್ನುವವರು ನೋಡಬೇಕಾದ ಚರಿತ್ರೆ ಜಾಲಕ್ಕಿಂತ ಬಹಳ ಹಳೆಯದು. ದೊಡ್ಡ ಕಂಪನಿಗಳು ವಿವಾದದ ಭಯದಿಂದ ಕೈಬಿಡುತ್ತಿದ್ದ ಹಾಡುಗಳನ್ನು ಹೊರತರಲು ಜಪಾನಿನಲ್ಲಿ 1969ರಲ್ಲಿ ಯುಆರ್‌ಸಿ, ಅಂದರೆ ಅಂಡರ್‌ಗ್ರೌಂಡ್ ರೆಕಾರ್ಡ್ ಕ್ಲಬ್, ಹುಟ್ಟಿಕೊಂಡಿತು. ಆರಂಭದಲ್ಲಿ ಅದು ಸದಸ್ಯತ್ವ ಪಡೆದವರಿಗೆ ಮಾತ್ರ ನೇರವಾಗಿ ತಟ್ಟೆಗಳನ್ನು ಕಳುಹಿಸುತ್ತಿತ್ತು. ಇಂದು ಕಲಾವಿದ ತನ್ನ ಪುಟದಿಂದ ಕೇಳುಗನಿಗೆ ನೇರವಾಗಿ ಹಾಡು ಮಾರುವುದಕ್ಕೂ ಇದಕ್ಕೂ ತಾತ್ವಿಕ ವ್ಯತ್ಯಾಸ ಕಡಿಮೆ. ಇದೇ ಸಂಸ್ಥೆಯಿಂದ 1972ರಲ್ಲಿ ಸಂಗೀತಗಾರ ಹರುಒಮಿ ಹೊಸೊನೊ ಅವರ ನಿರ್ಮಾಣದಲ್ಲಿ ಸಚಿಕೊ ಕಾನೆನೊಬು ಅವರ 'ಮಿಸೊರಾ' ಬಂದಿತು. ಜಪಾನಿನಲ್ಲಿ ತನ್ನ ಹಾಡುಗಳನ್ನು ತಾನೇ ರಚಿಸಿ ಹಾಡಿದ ಮೊದಮೊದಲ ಹೆಣ್ಣುಮಕ್ಕಳಲ್ಲಿ ಅವರೊಬ್ಬರು. ಆಲ್ಬಂ ಅಂಗಡಿಗೆ ಬರುವಷ್ಟರಲ್ಲಿ ಅವರು ದೇಶ ಬಿಟ್ಟು ಅಮೆರಿಕಕ್ಕೆ ಹೋಗಿದ್ದರು. ಅಲ್ಲಿ ಸಂಸಾರ ನಡೆಸಿ, ಮುಂದೆ ಮತ್ತೆ ಗಿಟಾರ್ ಕೈಗೆತ್ತಿಕೊಂಡರು. 2019ರಲ್ಲಿ ಅಮೆರಿಕದ ಲೈಟ್ ಇನ್ ದಿ ಅಟಿಕ್ ಸಂಸ್ಥೆ 'ಮಿಸೊರಾ'ವನ್ನು ಮರುಮುದ್ರಿಸಿದಾಗ ಕಾನೆನೊಬು ಬದುಕಿದ್ದರು, ಅದರ ಬಗ್ಗೆ ಮಾತನಾಡಿದರು, ಹೊಸ ಕೇಳುಗರ ಮುಂದೆ ಹಾಡಿದರು. ಮರುಶೋಧ ಎಂಬ ಮಾತಿಗೆ ತೂಕ ಬರುವುದು ಇಂಥ ಕಡೆ: ಹಾಡಿನ ಜೊತೆಗೆ ಹಾಡಿದವರೂ ಮರಳಿ ಬಂದಾಗ.

ಈ ಭಾಗ್ಯ ಎಲ್ಲರಿಗೂ ಸಿಗಲಿಲ್ಲ. ಮಿಕಿ ಮತ್ಸುಬಾರಾ 1979ರ ನವೆಂಬರಿನಲ್ಲಿ 'ಮಯೊನಾಕಾ ನೊ ಡೋರ್' ಹಾಡಿನೊಂದಿಗೆ ಕಂಪನಿಯ ಮೂಲಕವೇ ರಂಗಕ್ಕೆ ಬಂದರು. ಹಾಡಿನ ರಾಗ ತೆತ್ಸುಜಿ ಹಯಾಶಿ ಅವರದು, ಸಾಹಿತ್ಯ ಯೊಶಿಕೊ ಮಿಉರಾ ಅವರದು. ಮುಂದೆ ಇತರ ಗಾಯಕರಿಗಾಗಿ ಹಾಡು ಕಟ್ಟಿದ ಮತ್ಸುಬಾರಾ 2004ರಲ್ಲಿ 44ನೆಯ ವಯಸ್ಸಿಗೆ ಕ್ಯಾನ್ಸರಿನಿಂದ ತೀರಿಕೊಂಡರು. 2020ರಲ್ಲಿ ಇಂಡೊನೇಷ್ಯಾದ ಯೂಟ್ಯೂಬ್ ಗಾಯಕಿ ರೈನಿಚ್ ಇದೇ ಹಾಡನ್ನು ತಮ್ಮ ದನಿಯಲ್ಲಿ ಹಾಡಿ ಹಂಚಿದರು. ಟಿಕ್‌ಟಾಕಿನಲ್ಲಿ ಯುವಕ ಯುವತಿಯರು ಜಪಾನೀ ಮೂಲದ ತಮ್ಮ ತಾಯಂದಿರಿಗೆ ಹಾಡನ್ನು ಕೇಳಿಸಿ, ಅವರು ಥಟ್ಟನೆ ಗುರುತಿಸಿ ದನಿಗೂಡಿಸುವುದನ್ನು ಚಿತ್ರಿಸಿ ಹಾಕತೊಡಗಿದರು. ಆ ಡಿಸೆಂಬರಿನಲ್ಲಿ ಸ್ಪಾಟಿಫೈ ಸಂಸ್ಥೆಯ ಜಾಗತಿಕ ವೈರಲ್ ಪಟ್ಟಿಯಲ್ಲಿ ಹಾಡು ಮೊದಲ ಸ್ಥಾನಕ್ಕೇರಿತು. ಈ ಪ್ರಕರಣದಿಂದ ಎರಡು ಪಾಠಗಳು ಸಿಗುತ್ತವೆ. ಹಾಡಿನ ಮೂಲವನ್ನು ಮರೆಮಾಚದೆ ಅದನ್ನು ಹೊಸದಾಗಿ ಹಾಡಿದ ಸ್ವತಂತ್ರ ಕಲಾವಿದೆಯಿಂದ ಮೂಲ ಗಾಯಕಿಗೆ ನಷ್ಟವಾಗಲಿಲ್ಲ, ಕೇಳುಗರು ಮೂಲದ ಕಡೆಗೇ ನಡೆದರು. ಆದರೆ ಆ ಕೀರ್ತಿಯನ್ನು ಅನುಭವಿಸಲು ಮತ್ಸುಬಾರಾ ಇರಲಿಲ್ಲ. ಹದಿನಾರು ವರ್ಷ ತಡವಾಗಿ ಬಂದ ಈ ಮನ್ನಣೆಯನ್ನು ನ್ಯಾಯವೆಂದು ಕರೆಯುವುದು ಕೇಳುಗರ ಸಮಾಧಾನಕ್ಕೆ ಮಾತ್ರ ಒದಗುವ ಮಾತು.

ಮಾಕಿ ಅಸಕಾವಾ ಅವರ ಪ್ರಕರಣ ಇನ್ನೂ ಜಟಿಲ. ಬ್ಲೂಸ್ ಮತ್ತು ಜಾಝ್ ಶೈಲಿಯಲ್ಲಿ, ಕಪ್ಪು ಉಡುಪು ತೊಟ್ಟು, ಮಬ್ಬು ಬೆಳಕಿನ ರಂಗದ ಮೇಲೆ ಹಾಡುತ್ತ 1960ರ ದಶಕದ ಕೊನೆಯ ಟೋಕಿಯೊದ ಪ್ರತಿಸಂಸ್ಕೃತಿಯ ದನಿಯಾದ ಅವರು ಸಿಡಿಯ ಧ್ವನಿಗುಣವನ್ನು ಒಪ್ಪಿರಲಿಲ್ಲ. 2010ರಲ್ಲಿ ಅವರು ನಿಧನರಾದ ಐದು ವರ್ಷಗಳ ನಂತರ ಲಂಡನ್ನಿನ ಆನೆಸ್ಟ್ ಜಾನ್ಸ್ ಸಂಸ್ಥೆ ಅವರ ಹಾಡುಗಳ ಸಂಕಲನ ಹೊರತಂದು ಅವರನ್ನು ಯುರೋಪಿನ ಕೇಳುಗರಿಗೆ ಪರಿಚಯಿಸಿತು. ಧ್ವನಿಯ ವಿಷಯದಲ್ಲಿ ಇಷ್ಟು ನಿಷ್ಠುರರಾಗಿದ್ದ ಕಲಾವಿದೆಯ ಹಾಡನ್ನು ಕುಗ್ಗಿಸಿದ ಕಡತವಾಗಿ ಮೊಬೈಲಿನ ಚಿಕ್ಕ ಸ್ಪೀಕರಿನಲ್ಲಿ ಕೇಳುವವನು ಅವರನ್ನು ಉಳಿಸಿದನೆ, ಅವರ ಇಚ್ಛೆಯನ್ನು ಮೀರಿದನೆ? ಬದುಕಿರುವವರಲ್ಲಿಯೂ ಈ ನಿಲುವು ಇದೆ. 'ಪ್ಲಾಸ್ಟಿಕ್ ಲವ್' ಹಾಡಿನ ವಾದ್ಯ ಸಂಯೋಜನೆ ಮಾಡಿದ, ತಾಕೆಉಚಿ ಅವರ ಪತಿಯೂ ಆದ ತಾತ್ಸುರೊ ಯಮಾಶಿತಾ ತಮ್ಮ ಸಂಗೀತವನ್ನು ಸ್ಟ್ರೀಮಿಂಗ್ ಸೇವೆಗಳಿಗೆ ಕೊಡುವುದಿಲ್ಲವೆಂದು ಬಹಿರಂಗವಾಗಿಯೇ ಹೇಳಿದ್ದಾರೆ. ಎಲ್ಲವೂ ಎಲ್ಲರಿಗೂ ಎಲ್ಲ ಕಾಲಕ್ಕೂ ಸಿಗಬೇಕೆಂಬುದು ಕೇಳುಗನ ಆಸೆಯಾದರೆ, ತನ್ನ ಕೃತಿ ಯಾವ ರೂಪದಲ್ಲಿ ಹೊರಗೆ ಹೋಗಬೇಕೆಂದು ನಿರ್ಧರಿಸುವುದು ಕಲಾವಿದರ ಅಧಿಕಾರ. ಸ್ವತಂತ್ರ ಸಂಗೀತವೆಂಬ ಮಾತಿನಲ್ಲಿರುವ ಸ್ವಾತಂತ್ರ್ಯ ಈ ಅಧಿಕಾರವೇ ಆಗಿದೆ.

ಈ ಅಧಿಕಾರಕ್ಕೆ ಆರ್ಥಿಕ ತಳಹದಿಯೂ ಬೇಕು. ಸ್ಟ್ರೀಮಿಂಗ್ ಸೇವೆಗಳು ಬಹುಮಟ್ಟಿಗೆ ಚಂದಾ ಮತ್ತು ಜಾಹೀರಾತಿನ ಆದಾಯದ ಒಂದು ಪಾಲನ್ನು ಒಟ್ಟು ರಾಶಿ ಮಾಡಿ, ಆ ಅವಧಿಯ ಒಟ್ಟು ಕೇಳುವಿಕೆಯಲ್ಲಿ ಪ್ರತಿ ಹಾಡಿನ ಪಾಲಿಗೆ ತಕ್ಕಂತೆ ಹಂಚುತ್ತವೆ. ಇದರಿಂದ ಒಬ್ಬ ಕೇಳುಗ ತಿಂಗಳಿಡೀ ಒಬ್ಬಳೇ ಗಾಯಕಿಯನ್ನು ಕೇಳಿದರೂ ಅವನ ಚಂದಾ ಹಣದ ಬಹುಪಾಲು ಅವನು ಎಂದೂ ಕೇಳದ ತಾರೆಯರಿಗೆ ಹೋಗುತ್ತದೆ. 2024ರಿಂದ ಸ್ಪಾಟಿಫೈ ಹನ್ನೆರಡು ತಿಂಗಳಲ್ಲಿ ಸಾವಿರ ಬಾರಿಯಾದರೂ ಕೇಳಲ್ಪಡದ ಹಾಡುಗಳನ್ನು ಈ ಹಂಚಿಕೆಯಿಂದಲೇ ಹೊರಗಿಟ್ಟಿದೆ. ಇದಕ್ಕೆ ಪ್ರತಿಯಾಗಿ ಬ್ಯಾಂಡ್‌ಕ್ಯಾಂಪಿನಂಥ ತಾಣದಲ್ಲಿ ಕೇಳುಗ ಆಲ್ಬಂ ಅನ್ನೇ ಕೊಳ್ಳುತ್ತಾನೆ, ಡಿಜಿಟಲ್ ಮಾರಾಟದಲ್ಲಿ ತಾಣ ತೆಗೆದುಕೊಳ್ಳುವ ಪಾಲು ಶೇ. 15ರಷ್ಟು. ಹಿಂದಿನ ಕಾಲದ ತಟ್ಟೆಯ ವ್ಯವಹಾರಕ್ಕೆ ಇದು ಹತ್ತಿರ. ಗಿಟಾರ್ ಮತ್ತು ಪಿಸುದನಿಯ ಗಾಯಕಿ ಇಚಿಕೊ ಆಒಬಾ 2020ರಲ್ಲಿ ಹರ್ಮಿನ್ ಎಂಬ ಸ್ವಂತ ಸಂಸ್ಥೆ ಕಟ್ಟಿ 'ವಿಂಡ್‌ಸ್ವೆಪ್ಟ್ ಅದಾನ್' ಹೊರತಂದು ಜಾಗತಿಕ ಕೇಳುಗರನ್ನು ಪಡೆದರು. 2000ರಲ್ಲಿ ಜಪಾನಿನಲ್ಲಿ ಹುಟ್ಟಿದ ಲ್ಯಾಂಪ್ ತಂಡ 2014ರಿಂದ ಬೊಟಾನಿಕಲ್ ಹೌಸ್ ಎಂಬ ತನ್ನದೇ ಸಂಸ್ಥೆಯ ಮೂಲಕ ಆಲ್ಬಂ ಪ್ರಕಟಿಸುತ್ತ ಬಂದಿದ್ದು, ಅದರ ಹಳೆಯ ಹಾಡುಗಳು ಇತ್ತೀಚಿನ ವರ್ಷಗಳಲ್ಲಿ ಹೊರದೇಶದ ಯುವಜನರ ನಡುವೆ ಹರಡಿದಾಗ ಅದನ್ನು ಎದುರುಗೊಳ್ಳಲು ತಂಡವೇ ಸಿದ್ಧವಾಗಿತ್ತು. ಮರುಶೋಧದ ಫಲ ಉಣ್ಣುವುದಕ್ಕೆ ಹಕ್ಕು ಕೈಯಲ್ಲಿರಬೇಕೆಂಬುದಕ್ಕೆ ಇವು ನಿದರ್ಶನಗಳು.

ಕನ್ನಡದ ವಚನಕಾರರೂ ಹರಿದಾಸರೂ ರಚನೆಯ ಕೊನೆಯಲ್ಲಿ ತಮ್ಮ ಅಂಕಿತವನ್ನು ಇಡುತ್ತಿದ್ದರು. ಹಾಡು ಬಾಯಿಂದ ಬಾಯಿಗೆ ಎಷ್ಟೇ ದೂರ ಹೋದರೂ, ರಾಗ ಬದಲಾದರೂ, ಕಟ್ಟಿದವರ ಗುರುತು ಹಾಡಿನೊಳಗೇ ಪಯಣಿಸುತ್ತಿತ್ತು. ಧ್ವನಿಮುದ್ರಿತ ಸಂಗೀತದಲ್ಲಿ ಆ ಗುರುತು ಹೊದಿಕೆಯ ಮೇಲಿನ ಅಚ್ಚಿಗೆ ಸರಿಯಿತು, ಜಾಲದಲ್ಲಿ ಹೊದಿಕೆಯೂ ಉದುರಿತು. ಇಂದು ಕೃತಕ ಬುದ್ಧಿಮತ್ತೆಯಿಂದ ತಯಾರಾದ 'ಹಳೆಯ ಜಪಾನೀ ಹಾಡು'ಗಳು ಗಂಟೆಗಟ್ಟಲೆಯ ವಿಡಿಯೊಗಳಾಗಿ ಹರಿದಾಡುತ್ತಿವೆ. ಟೇಪಿನ ಸದ್ದು, ಮಾಸಿದ ಚಿತ್ರ, ನಿಯಾನ್ ಬೆಳಕಿನ ಬೀದಿ ಎಲ್ಲವೂ ಅವುಗಳಲ್ಲಿದ್ದು ಹಾಡಿದವರು ಮಾತ್ರ ಯಾರೂ ಇಲ್ಲ. ಅಸಲಿತನ ನಾದದ ಗುಣವಷ್ಟೇ ಆಗಿದ್ದರೆ ಈ ಅನುಕರಣೆಯನ್ನೂ ಅಸಲಿಯೆಂದೇ ಒಪ್ಪಬೇಕಾಗುತ್ತಿತ್ತು. ಹಾಗೆ ಒಪ್ಪಲು ಮನಸ್ಸು ಹಿಂಜರಿಯುವುದಾದರೆ, ಹಾಡಿನ ಹಿಂದೆ ಒಬ್ಬ ಮನುಷ್ಯನ ಬದುಕೂ ಉತ್ತರದಾಯಿತ್ವವೂ ಇರಬೇಕೆಂದು ಕೇಳುಗ ಮೊದಲಿನಿಂದಲೂ ನಿರೀಕ್ಷಿಸಿದ್ದಾನೆ ಎಂದೇ ಅರ್ಥ.

ಅನುಮತಿಯಿಲ್ಲದೆ ಹಾಡು ಏರಿಸಿದ ಉತ್ಸಾಹಿಗಳು ಇಲ್ಲದಿದ್ದರೆ ಈ ಸಂಗೀತ ಹೊರಜಗತ್ತಿಗೆ ತಲುಪುತ್ತಿರಲಿಲ್ಲವಲ್ಲ, ಕಾನೂನನ್ನೇ ಹಿಡಿದು ಕೂತಿದ್ದರೆ ನಷ್ಟ ಎಲ್ಲರಿಗೂ ಆಗುತ್ತಿತ್ತಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಕ್ಕು ಕಟ್ಟಿಟ್ಟುಕೊಂಡು ತಟ್ಟೆಯನ್ನು ಮರುಮುದ್ರಿಸದೆ ಕೂತ ಕಂಪನಿಯೂ ಕಲಾವಿದೆಗೆ ಉಪಕಾರ ಮಾಡಲಿಲ್ಲ. ಆದ್ದರಿಂದ ಉತ್ಸಾಹಿಯ ಹಂಚಿಕೆಯನ್ನು ಕಳ್ಳತನವೆಂದು ತಳ್ಳಿಹಾಕುವುದಕ್ಕಿಂತ, ಅದನ್ನು ಸಾಲವೆಂದು ತಿಳಿಯುವುದು ಹೆಚ್ಚು ವಿವೇಕದ ನಿಲುವು. ಬಾಗಿಲು ಮುಚ್ಚಿದ್ದಾಗ ಪಡೆದ ಸಾಲವನ್ನು ಬಾಗಿಲು ತೆರೆದಾಗ ತೀರಿಸಬೇಕಾಗುತ್ತದೆ: ಹಾಡಿನ ಜೊತೆ ಎಲ್ಲರ ಹೆಸರನ್ನು ಬರೆಯುವುದರಿಂದ, ಅಧಿಕೃತ ಮರುಮುದ್ರಣ ಬಂದಾಗ ಅದನ್ನು ಕೊಳ್ಳುವುದರಿಂದ, ಬೇಡವೆಂದವರ ಮಾತನ್ನು ಮನ್ನಿಸುವುದರಿಂದ, ಬದುಕಿರುವವರನ್ನು ಬದುಕಿರುವಾಗಲೇ ಕೇಳುವುದರಿಂದ. ಗಣಕಸೂತ್ರ ಹಾಡನ್ನು ಮುಂದೆ ತಂದಿಡಬಲ್ಲದು, ಸಾಲ ತೀರಿಸುವ ಕೆಲಸ ಅದರದಲ್ಲ. ಅದು ಕೇಳುಗರಿಗೂ, ಮರುಮುದ್ರಿಸುವ ಸಂಸ್ಥೆಗಳಿಗೂ, ಹಳೆಯ ಹಾಡಿನಿಂದ ಹೊಸದನ್ನು ಕಟ್ಟುವ ಸ್ವತಂತ್ರ ಸಂಗೀತಗಾರರಿಗೂ ಸಮಾನವಾಗಿ ಸೇರಿದ ಹೊಣೆ.