ಪರಿಚಾರಕರ ಪಾಡು

ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಮೊದಲಿನೆರಡಕ್ಕೆ ರಾಯಚೂರಿನ ಸುಶಿಕ್ಷಿತ ಕುಟುಂಬಗಳು ಕೇಳಿದಷ್ಟು ಹಣ ಸುರಿಯುವುವು. ಮೂರನೆಯದರ ಮಾತು ಬಂದೊಡನೆ ಚೌಕಾಸಿ ಮೊದಲಾಗುವುದು. ಪರಿಚಾರಕನಲ್ಲಿ ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚಗಳಿರಬೇಕೆಂದು ಅದೇ ಗ್ರಂಥವು ವಿಧಿಸಿದೆ. ಈ ನಾಲ್ಕನ್ನೂ ತಪ್ಪದೆ ಬಯಸುವವರು, ಅವನ್ನೆಲ್ಲ ದಿನಗೂಲಿಯ ದರದಲ್ಲಿ ಕೊಳ್ಳಬಹುದೆಂದು ತಿಳಿದಂತಿದೆ.

“ಅರವತ್ತಕ್ಕೆ ಅರಳುಮರಳು” ಎಂದು ನಕ್ಕು ಸುಮ್ಮನಾಗುವ ರೂಢಿ ಇನ್ನೂ ಅಳಿದಿಲ್ಲ. ಆದರೆ ಇದು ಮುಪ್ಪಿನ ಸಹಜಧರ್ಮವಲ್ಲ, ಮಿದುಳಿನ ವ್ಯಾಧಿ. 2023ರಲ್ಲಿ ಪ್ರಕಟವಾದ ಅಖಿಲ ಭಾರತ ಅಧ್ಯಯನವೊಂದರ ಮೇರೆಗೆ, 60 ವರ್ಷ ದಾಟಿದವರಲ್ಲಿ ಶೇಕಡ 7.4ರಷ್ಟು ಜನ, ಎಂದರೆ ಸುಮಾರು 88 ಲಕ್ಷ ಮಂದಿ, ಇದಕ್ಕೆ ಗುರಿಯಾಗಿರುವರು.

ಇಂತಹ ರೋಗಿಯ ಬಳಿ ಹಗಲಿರುಳು ಕುಳಿತಿರುವವಳ ಪಾಡನ್ನು ವಿಚಾರಿಸಿದವರಾರು? ಕೇಳಿದ ಪ್ರಶ್ನೆಯನ್ನೇ ರೋಗಿಯು ಗಳಿಗೆಗೊಮ್ಮೆ ಕೇಳುವನು. ಸ್ನಾನಕ್ಕೆ ಕರೆದರೆ ಕೈಯೆತ್ತುವನು. ಸಂಜೆಯಾಗುತ್ತಲೇ ಕಳವಳ ಹೆಚ್ಚುವುದು. ಕುಳಿತ ಮನೆಯಲ್ಲೇ “ಮನೆಗೆ ಹೋಗಬೇಕು” ಎಂದು ಬಾಗಿಲು ತಟ್ಟುವನು. ನಿಜಾಮನ ಆಳ್ವಿಕೆಯ ಶಾಲೆಗಳಲ್ಲಿ ಉರ್ದು ಕಲಿತ ವೃದ್ಧನು ಕಡೆಗೆ ಆ ಭಾಷೆಗೇ ಮರಳಿದರೆ, ಕನ್ನಡವೊಂದನ್ನೇ ಬಲ್ಲವಳು ಅವನ ಹಸಿವು ನೋವುಗಳನ್ನು ಮೋರೆ ನೋಡಿಯೇ ಊಹಿಸಬೇಕು. ಎಲ್ಲಕ್ಕಿಂತ ಕ್ರೂರವಾದುದು ಕಳ್ಳತನದ ಅಪವಾದ. ತಾನೇ ಎಲ್ಲಿಯೋ ಇಟ್ಟು ಮರೆತ ಉಂಗುರವನ್ನು ಕದ್ದಳೆಂದು ರೋಗಿ ದೂರುವುದು ವ್ಯಾಧಿಯ ಲಕ್ಷಣ. ಓದಿದ ಮಗನು ಅದನ್ನು ನಂಬಿ ಅವಳ ಚೀಲವನ್ನು ಶೋಧಿಸುವುದಕ್ಕೆ ಯಾವ ವ್ಯಾಧಿಯ ನೆಪವಿದೆ?

ಸಂಬಳಕ್ಕೆ ಬಂದವಳಲ್ಲಿ ಅನುರಾಗವೆಲ್ಲಿಯದು, ಹಿಂದೆ ಮನೆಯ ಸೊಸೆಯರೇ ಎಲ್ಲವನ್ನೂ ಮಾಡುತ್ತಿರಲಿಲ್ಲವೇ, ಎಂಬ ಆಕ್ಷೇಪವುಂಟು. ಮಾಡುತ್ತಿದ್ದರು, ನಿಜ, ನಾಲ್ವರು ಸೊಸೆಯರು ಸರದಿಯಂತೆ ಮಾಡುತ್ತಿದ್ದರು. (ಅವರಿಗೆ ಸಾಕಾಗಿತ್ತೇ ಎಂದು ಆಗಲೂ ಯಾರೂ ಕೇಳಲಿಲ್ಲ.) ಸಂಬಳ ಪಡೆಯುವ ಉಪಾಧ್ಯಾಯನಲ್ಲಿ ಶಿಷ್ಯವಾತ್ಸಲ್ಯವಿರಬಹುದೆಂದು ಒಪ್ಪುವವರು, ಮಾನ್ವಿಯ ಹಳ್ಳಿಯಿಂದ ಬಂದ ವಿಧವೆಯ ವಿಷಯದಲ್ಲಿ ಮಾತ್ರ ಸಂಬಳವನ್ನೂ ಪ್ರೀತಿಯನ್ನೂ ಪರಸ್ಪರ ವಿರುದ್ಧವೆನ್ನುವುದು ಯಾವ ತರ್ಕ? ದೇವದುರ್ಗ, ಮಾನ್ವಿಗಳನ್ನು 2002ರ ನಂಜುಂಡಪ್ಪ ಸಮಿತಿಯ ವರದಿಯು ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಎಣಿಸಿತು. ಆ ಬಡತನವೇ ಪರಿಚಾರಿಕೆಯರನ್ನು ಅಗ್ಗಮಾಡಿದೆ ಎಂಬ ಸತ್ಯವನ್ನು ಈ ಆಕ್ಷೇಪವು ಮುಚ್ಚುವುದು.

ಕ್ರೋಧದಿಂದ ಸಂಮೋಹವೂ ಅದರಿಂದ ಸ್ಮೃತಿಭ್ರಂಶವೂ ಉಂಟಾಗುವುವೆಂದು ಗೀತೆಯಲ್ಲಿದೆ. ಇಲ್ಲಿ ಕ್ರಮವು ತಿರುಗಿದೆ: ಒಬ್ಬನ ಸ್ಮೃತಿಭ್ರಂಶದಿಂದ, ನಿದ್ರೆಗೆಟ್ಟ ಇನ್ನೊಬ್ಬಳಲ್ಲಿ ಕ್ರೋಧ. ಅವಳ ಕೈ ಒರಟಾದ ದಿನ ಲೋಕವೆಲ್ಲ ಅವಳನ್ನು ನಿಂದಿಸುವುದು. ಎಷ್ಟು ರಾತ್ರಿಗಳಿಂದ ಅವಳು ಮಲಗಿಲ್ಲವೆಂಬ ಲೆಕ್ಕವನ್ನು ಯಾರೂ ಇಟ್ಟಿರುವುದಿಲ್ಲ.

ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಕಾಯಿದೆಯ 19ನೆಯ ಕಲಮು, ಕನಿಷ್ಠ 150 ಮಂದಿ ನಿರ್ಗತಿಕರಿಗೆ ಎಡೆಯಿರುವಂತೆ ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು ಸ್ಥಾಪಿಸಬಹುದೆನ್ನುವುದು. ಅಲ್ಲಿ ವೈದ್ಯೋಪಚಾರದ ಮಾತಿದೆ, ಮನೋರಂಜನೆಯ ಮಾತೂ ಇದೆ. ಪರಿಚಾರಕರ ವಿಶ್ರಾಂತಿಯ ಮಾತಿಲ್ಲ. ಕಾಯಿದೆ ತಿದ್ದುವವರೆಗೆ ಮನೆಗಳು ಕಾಯಬೇಕಾಗಿಲ್ಲ. ವಾರಕ್ಕೊಂದು ಪೂರ್ಣ ರಜೆ, ಇರುಳಿಗೆ ಬೇರೊಬ್ಬ ಆಳು, ಕರಾರಿನ ಬರಹ, ರೋಗದ ಲಕ್ಷಣಗಳನ್ನು ಮೊದಲೇ ತಿಳಿಸಿಕೊಡುವುದು: ಇಷ್ಟನ್ನು ಈ ತಿಂಗಳೇ ಮಾಡಬಹುದು. ರಾಯಚೂರಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಪರಿಚಾರಿಕೆಯರಿಗೆ ಕೆಲವು ವಾರಗಳ ಶಿಕ್ಷಣವನ್ನು ಕನ್ನಡದಲ್ಲಿಯೇ ನಡೆಸಲೆಂದು ಜಿಲ್ಲೆಯ ಗೃಹಸ್ಥರು ಸಹಿ ಮಾಡಿ ಕೇಳಿಕೊಳ್ಳಲಿ. ಮೊದಲ ಸಹಿಗಳು ಪರಿಚಾರಿಕೆಯರನ್ನಿಟ್ಟುಕೊಂಡ ಮನೆಗಳವೇ ಆಗಿರಲಿ.