ಚೀನಾದ ಯಂತ್ರ ಅಗ್ಗ, ತೋಟಕ್ಕೆ ಬರುವ ದಾರಿ ದುಬಾರಿ: ಒಬ್ಬರೇ ತರಿಸಬೇಡಿ

ಕಳೆದ ತಿಂಗಳು ಮೂರು ಜನ ರೈತರು ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ಸಾರ್, ಮೊಬೈಲಲ್ಲಿ ಚೀನಾದ ಶ್ರೆಡರ್ ನೋಡಿದೆ. ಇಲ್ಲಿ ಎರಡು ಲಕ್ಷ, ಅಲ್ಲಿ ಒಂದೇ ಲಕ್ಷ. ತರಿಸಿಬಿಡ್ಲಾ?" ಮೂವರಿಗೂ ಒಂದೇ ಉತ್ತರ ಕೊಟ್ಟೆ: ಒಬ್ಬರೇ ತರಿಸಬೇಡಿ. ಫೋನಲ್ಲಿ ಕಾರಣ ಪೂರ್ತಿ ಹೇಳೋದಕ್ಕೆ ಆಗಲಿಲ್ಲ. ಈ ವಾರ ಬರೆದೇ ಹೇಳುತ್ತೇನೆ. ಇದರಲ್ಲಿ ನನ್ನ ಪೆದ್ದುತನದ ಲೆಕ್ಕವೂ ಇದೆ, ನಾಚಿಕೆ ಇಲ್ಲದೆ ಕೊಡುತ್ತಿದ್ದೇನೆ.

ನಮ್ಮದು ಮಲೆನಾಡಿನ ಅಡಿಕೆ ತೋಟ. ಸೋಗೆ, ತೆಂಗಿನ ಗರಿ, ಕಾಡು ಸೊಪ್ಪಿನ ಕಡ್ಡಿ ಪುಡಿ ಮಾಡಿ ಬುಡಕ್ಕೆ ಹಾಕಬೇಕು ಅಂತ ಬಹಳ ದಿನದ ಆಸೆ. ಕೆಲವು ವರ್ಷದ ಹಿಂದೆ ಪಕ್ಕದ ತೋಟದ ಅಣ್ಣಯ್ಯನೂ ನಾನೂ ಅರ್ಧರ್ಧ ಹಾಕಿ ಚೀನಾದಿಂದ ಪೆಟ್ರೋಲ್ ಇಂಜಿನ್ನಿನ ಒಂದು ಶ್ರೆಡರ್ ತರಿಸಿದೆವು. ಕಾರ್ಖಾನೆ ಬೆಲೆ ನಮ್ಮ ದುಡ್ಡಲ್ಲಿ 1,05,000. ಅದೇ ಅಳತೆಯ ಯಂತ್ರಕ್ಕೆ ಇಲ್ಲಿಯ ಡೀಲರ್ 1,85,000 ಹೇಳಿದ್ದ. ಚೆನ್ನೈ ಬಂದರಿನ ತನಕ ಹಡಗಿನ ಬಾಡಿಗೆ ಬರೀ 1,800 ಅಂತ ಮಾರುವವಳು ಬರೆದಳು. ನಾವು ಕುಣಿದಾಡಿದೆವು. ನಮ್ಮೂರಿಂದ ಚೆನ್ನೈಗೆ ಲಾರಿಗೇ ಅದರ ನಾಲ್ಕು ಪಟ್ಟು ಆಗುತ್ತೆ, ಸಮುದ್ರ ದಾಟಿ ಬರಲು 1,800 ಹೇಗೆ ಸಾಕಾಯ್ತು ಅಂತ ಇಬ್ಬರೂ ಯೋಚಿಸಲಿಲ್ಲ.

ಕೊನೆಗೆ ಬಂದ ಬಿಲ್ಲು ಹೀಗಿತ್ತು:

- ಯಂತ್ರ: 1,05,000
- ಮಾರುವವಳು ಹೇಳಿದ ಹಡಗಿನ ಬಾಡಿಗೆ: 1,800
- ಆಮದು ಸುಂಕ ಮತ್ತು ಐಜಿಎಸ್‌ಟಿ: 22,700
- ಚೆನ್ನೈಯಲ್ಲಿ ಇಳಿಸಿದ ಕಡೆಯ ಖರ್ಚು: 34,500
- ಕಸ್ಟಮ್ಸ್ ಏಜೆಂಟ್: 9,000
- ತಡವಾದ ದಂಡ, ಗೋದಾಮಿನ ಬಾಡಿಗೆ: 16,500
- ಚೆನ್ನೈಯಿಂದ ಊರಿಗೆ ಲಾರಿ: 8,500
- ಬ್ಯಾಂಕ್ ಖರ್ಚು: 2,300

ಕೂಡಿದರೆ 2,00,300. ಊರಿನ ಡೀಲರ್ ಹತ್ತಿರ ತಗೊಂಡಿದ್ದರೆ 15,300 ಉಳಿಯುತ್ತಿತ್ತು, ಜೊತೆಗೆ ಒಂದು ವರ್ಷ ವಾರಂಟಿ. ಸಾಲದ್ದಕ್ಕೆ ಮಾರ್ಚಿಗೆ ಬೇಕಾಗಿದ್ದ ಯಂತ್ರ ಬಂದಿದ್ದು ಮೇ ಕೊನೆಗೆ. ಎರಡೇ ವಾರದಲ್ಲಿ ಶಾಫ್ಟಿನ ಬೇರಿಂಗ್ ಹೋಯಿತು. ಆ ಅಳತೆ ಇಲ್ಲಿ ಸಿಗಲಿಲ್ಲ. ಮಳೆ ಹಿಡಿಯಿತು, ಸೋಗೆ ತೋಟದಲ್ಲೇ ಕೊಳೆಯಿತು. ಅಣ್ಣಯ್ಯ ಒಂದು ಮಾತೂ ಬೈಯಲಿಲ್ಲ. "ಆಯ್ತು ಬಿಡಾ, ಇನ್ನು ಆ ಸುದ್ದಿ ಬೇಡ" ಅಂದರು, ಅಷ್ಟೆ. ಬೈದಿದ್ದರೆ ಇಷ್ಟು ಬೇಜಾರಾಗುತ್ತಿರಲಿಲ್ಲ.

ದುಡ್ಡು ಎಲ್ಲಿ ಹೋಯಿತು?

ಆ ಪಟ್ಟಿಯಲ್ಲಿ ನಮಗೆ ಏಟು ಕೊಟ್ಟಿದ್ದು 34,500ರ ಸಾಲು. ಇದು ಗೊತ್ತಿಲ್ಲದೇ ಬಹಳ ಜನ ಬೀಳುತ್ತಾರೆ.

ಒಂದೆರಡು ಪೆಟ್ಟಿಗೆ ಕಳಿಸುವವರಿಗೆ ಇಡೀ ಕಂಟೇನರ್ ಬೇಡ. ಹತ್ತಾರು ಜನರ ಸರಕು ಒಂದೇ ಕಂಟೇನರಿನಲ್ಲಿ ತುಂಬುತ್ತಾರೆ. ಇದಕ್ಕೆ ಎಲ್‌ಸಿಎಲ್ ಅನ್ನುತ್ತಾರೆ. ಬಾಡಿಗೆ ಲೆಕ್ಕ ಸಿಬಿಎಂನಲ್ಲಿ, ಅಂದ್ರೆ ಒಂದು ಮೀಟರ್ ಉದ್ದ, ಅಗಲ, ಎತ್ತರದ ಜಾಗ. ಒಂದು ಸಿಬಿಎಂ ಅಥವಾ ಒಂದು ಟನ್, ಯಾವುದು ಹೆಚ್ಚೋ ಅದಕ್ಕೆ ದುಡ್ಡು. ನಮ್ಮ ಯಂತ್ರಗಳು ತೂಕಕ್ಕಿಂತ ಜಾಗ ಹೆಚ್ಚು ತಿನ್ನುವುದರಿಂದ ಜಾಗದ ಲೆಕ್ಕವೇ ಬೀಳುತ್ತದೆ. ಚಕ್ರ, ಹಿಡಿಕೆ, ಹಾಪರ್ ಬಿಚ್ಚಿ ಪ್ಯಾಕ್ ಮಾಡಿಸಿದರೆ ಬಾಡಿಗೆ ಇಳಿಯುತ್ತದೆ. ವಿಮಾನದಲ್ಲಿ ಇದು ಇನ್ನೂ ಕಠಿಣ: ಒಂದು ಸಿಬಿಎಂ ಜಾಗಕ್ಕೆ 167 ಕಿಲೋ, ಕೊರಿಯರ್ ಆದರೆ ಸಾಮಾನ್ಯವಾಗಿ 200 ಕಿಲೋ ಅಂತ ಲೆಕ್ಕ ಹಿಡಿಯುತ್ತಾರೆ. ಬೇರಿಂಗು, ಕಾರ್ಬ್ಯುರೇಟರ್ ತರಿಸಲು ಕೊರಿಯರ್ ಸರಿ, ಯಂತ್ರಕ್ಕೆ ಅಲ್ಲ.

ಈಗ ಮುಖ್ಯ ವಿಷಯ. ಮಾರುವವರು ದರ ಹೇಳುವಾಗ ಸಿಐಎಫ್ ಅಂದರೆ ನಮ್ಮ ಬಂದರಿನ ತನಕದ ಬಾಡಿಗೆ, ವಿಮೆ ಅವರದು. ಕೇಳಲು ಚೆಂದ. ಆದರೆ ಸಾಗಣೆ ಕಂಪನಿಯನ್ನು ಆರಿಸುವುದೂ ಅವರೇ. ಎಲ್‌ಸಿಎಲ್ ಸರಕಿಗೆ ಅಲ್ಲಿ ಬಾಡಿಗೆ ತೀರಾ ಕಡಿಮೆ ತೋರಿಸಿ, ಇಳಿಸುವ ಬಂದರಿನಲ್ಲಿ ಡೆಲಿವರಿ ಆರ್ಡರ್, ಹ್ಯಾಂಡ್ಲಿಂಗ್, ದಾಖಲೆ, ಕಂಟೇನರ್ ಬಿಚ್ಚಿದ್ದು ಅಂತ ಸಾಲು ಸಾಲು ಹೆಸರಿನಲ್ಲಿ ವಸೂಲಿ ಮಾಡುವುದು ಈ ವ್ಯಾಪಾರದಲ್ಲಿ ಮಾಮೂಲು. ಸರಕು ಅವರ ಕೈಯಲ್ಲಿ, ದಿನ ಕಳೆದಂತೆ ಗೋದಾಮಿನ ಬಾಡಿಗೆ ನಮ್ಮ ತಲೆ ಮೇಲೆ. ಚೌಕಾಸಿ ಮಾಡಲು ಏನೂ ಉಳಿದಿರುವುದಿಲ್ಲ.

ಅದಕ್ಕೇ ಎಫ್‌ಒಬಿ ದರ ಕೇಳಿ. ಎಫ್‌ಒಬಿ ನಿಂಗ್‌ಬೊ ಅಂದರೆ ನಿಂಗ್‌ಬೊ ಬಂದರಿನಲ್ಲಿ ಹಡಗಿಗೆ ಹತ್ತಿಸುವ ತನಕ ಅವರ ಖರ್ಚು, ಅಲ್ಲಿಂದ ಮುಂದೆ ನಮ್ಮದು. ಸಾಗಣೆ ಏಜೆಂಟನ್ನು ನಾವೇ ಬೆಂಗಳೂರಿನಲ್ಲೋ ಚೆನ್ನೈನಲ್ಲೋ ಹಿಡಿದು, ಎರಡೂ ಕಡೆಯ ಖರ್ಚನ್ನು ಮೊದಲೇ ಬರೆಸಿಕೊಳ್ಳಬಹುದು. ಬೆಂಗಳೂರಿನ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋದಲ್ಲೇ ಕಸ್ಟಮ್ಸ್ ಮುಗಿಸುವ ದರವನ್ನೂ ಕೇಳಿ, ಹೋಲಿಸಿ. ಎಕ್ಸ್‌ವರ್ಕ್ಸ್ ದರ ನೋಡಿ ಮರುಳಾಗಬೇಡಿ. ಅದು ಕಾರ್ಖಾನೆ ಬಾಗಿಲಿನ ಬೆಲೆ. ಅಲ್ಲಿಂದ ಬಂದರಿಗೆ ಒಯ್ಯುವುದು, ಅಲ್ಲಿಯ ರಫ್ತು ಕಾಗದ ಎಲ್ಲಾ ನಮ್ಮ ತಲೆಗೆ.

"ಮನೆ ಬಾಗಿಲಿಗೆ, ಸುಂಕ ಸೇರಿ" ಅನ್ನುವ ಡಿಡಿಪಿ ದರವೂ ಬರುತ್ತದೆ. ಸುಂಕ ಯಾರ ಹೆಸರಲ್ಲಿ, ಯಾವ ಬೆಲೆ ತೋರಿಸಿ ಕಟ್ಟುತ್ತಾರೆ, ಬಿಲ್ ಆಫ್ ಎಂಟ್ರಿ ಪ್ರತಿ ಕೊಡ್ತೀರಾ ಅಂತ ಕೇಳಿ ನೋಡಿ. ಉತ್ತರ ಬರದಿದ್ದರೆ ಅದನ್ನು ಬಿಟ್ಟುಬಿಡಿ.

ಕಾಗದ ಮೊದಲು, ದುಡ್ಡು ಆಮೇಲೆ

16,500ರ ದಂಡ, ಬಾಡಿಗೆ ಪೂರ್ತಿ ನನ್ನದೇ ತಪ್ಪು. ಹಡಗು ಬಂದ ಮೇಲೆ ಏಜೆಂಟನ್ನು ಹುಡುಕಿದೆ. ಬಿಲ್ ಆಫ್ ಎಂಟ್ರಿಯನ್ನು ಸರಕು ಬರುವ ಮೊದಲೇ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ದಂಡ. ಇಳಿಸಿದ 30 ದಿನದೊಳಗೆ ಬಿಡಿಸಿಕೊಳ್ಳದಿದ್ದರೆ ನೋಟಿಸ್ ಕೊಟ್ಟು ಮಾರಲು ಕಸ್ಟಮ್ಸ್ ಕಾಯ್ದೆಯಲ್ಲಿ ಅವಕಾಶವಿದೆ. ಆಮದಿಗೆ ಬೇಕಾದ ಐಇಸಿ ಸಂಖ್ಯೆಯನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಆನ್‌ಲೈನಿನಲ್ಲೇ ಕೊಡುತ್ತದೆ, ಶುಲ್ಕ 500 ರೂಪಾಯಿ. ಅದನ್ನು ಮೊದಲು ಮಾಡಿಸಿಕೊಳ್ಳಿ.

ಸುಂಕದ ಲೆಕ್ಕ ಕಷ್ಟವಲ್ಲ. ಯಂತ್ರ, ಹಡಗಿನ ಬಾಡಿಗೆ, ವಿಮೆ ಸೇರಿ 1,00,000 ಅಂತಿಟ್ಟುಕೊಳ್ಳಿ. ಮೂಲ ಸುಂಕ ಶೇ 7.5 ಇದ್ದರೆ 7,500. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಮೇಲ್ತೆರಿಗೆ 750. ಒಟ್ಟು 1,08,250. ಇದರ ಮೇಲೆ ಐಜಿಎಸ್‌ಟಿ. ಶೇ 5 ಇದ್ದರೆ 5,412, ಶೇ 18 ಇದ್ದರೆ 19,485. ವ್ಯತ್ಯಾಸವೇ 14,000. 2025ರ ಸೆಪ್ಟೆಂಬರ್ 22ರಿಂದ ಅನೇಕ ಕೃಷಿ ಯಂತ್ರಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಆದರೆ ನಮಗೆ ಕೃಷಿ ಯಂತ್ರ ಅನಿಸಿದ್ದೆಲ್ಲ ಕಸ್ಟಮ್ಸಿನ ಪಟ್ಟಿಯಲ್ಲಿ ಕೃಷಿ ಯಂತ್ರ ಆಗಿರುವುದಿಲ್ಲ. ಎಚ್‌ಎಸ್ ಕೋಡ್ ಯಾವುದು ಅಂತ ಆರ್ಡರ್ ಕೊಡುವ ಮೊದಲೇ ಏಜೆಂಟ್ ಹತ್ತಿರ ಬರೆಸಿಕೊಳ್ಳಿ.

"ಬಿಲ್ಲಲ್ಲಿ ಅರ್ಧ ಬೆಲೆ ಬರೀಲಾ? ಗಿಫ್ಟ್ ಅಂತ ಹಾಕ್ಲಾ?" ಅಂತ ಮಾರುವವರೇ ಕೇಳುತ್ತಾರೆ. ಒಪ್ಪಬೇಡಿ. ಉಡುಗೊರೆ ಹೆಸರಿನ 5,000 ರೂಪಾಯಿ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ಬೆಲೆ ಮುಚ್ಚಿಟ್ಟರೆ ಸರಕು ಮುಟ್ಟುಗೋಲು, ಮೇಲೆ ದಂಡ. ಸಿಕ್ಕಿಬೀಳುವುದು ನಾವು, ಅವರಲ್ಲ.

ತರಿಸಲೇಬಾರದ ಕೆಲವು ಇವೆ. ಹೊರದೇಶದ ಡ್ರೋನ್ ಆಮದಿಗೆ 2022ರ ಫೆಬ್ರವರಿಯಿಂದ ನಿಷೇಧ, ಔಷಧ ಹೊಡೆಯುವ ಡ್ರೋನೂ ಅದರಲ್ಲೇ ಬಂತು. ಪವರ್ ಟಿಲ್ಲರನ್ನು 2020ರ ಜುಲೈಯಲ್ಲಿ ನಿರ್ಬಂಧಿತ ಪಟ್ಟಿಗೆ ಸೇರಿಸಿದರು, ಲೈಸೆನ್ಸ್ ಬೇಕು. ಬೀಜ, ಗಿಡ, ಕಸಿ ಕಡ್ಡಿಯಂತೂ ಬೇಡವೇ ಬೇಡ. ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ತರುವುದು ಅಪರಾಧ. ಅದಕ್ಕಿಂತ ಹೆಚ್ಚಾಗಿ ಹೊಸ ರೋಗ ಊರಿಗೇ ಬರುತ್ತದೆ. ಯಂತ್ರದ ಮರದ ಪೆಟ್ಟಿಗೆ ಮೇಲೂ ತೆನೆಯ ಚಿತ್ರವಿರುವ ಐಎಸ್‌ಪಿಎಂ 15 ಮುದ್ರೆ ಇರಬೇಕು. ಮರದೊಳಗಿನ ಹುಳ ಬಾರದಿರಲಿ ಅಂತ ಈ ನಿಯಮ. ಪ್ಯಾಕ್ ಮಾಡಿದ ಮೇಲೆ ಮುದ್ರೆಯ ಫೋಟೊ ತರಿಸಿ ನೋಡಿಯೇ ಬಾಕಿ ದುಡ್ಡು ಕಳಿಸಿ.

ಹಾಗಾದರೆ ತರಿಸುವುದೇ ಬೇಡವಾ?

ಹಾಗಲ್ಲ. ಎರಡನೇ ಸಲ ನಾನೇ ತರಿಸಿದೆ. ಈ ಸಲ ಐದು ಜನ, ಐದು ಯಂತ್ರ, ಒಟ್ಟು 7 ಸಿಬಿಎಂ. ಎಫ್‌ಒಬಿ ದರ, ಏಜೆಂಟ್ ನಮ್ಮವನೇ. ಯಂತ್ರ 1,02,000, ಸುಂಕ ಮತ್ತು ತೆರಿಗೆ 22,500, ಹಡಗು, ಬಂದರು, ಏಜೆಂಟ್, ಲಾರಿ ಎಲ್ಲಾ ಸೇರಿ ಯಂತ್ರವೊಂದಕ್ಕೆ 19,000, ಬಿಡಿಭಾಗಕ್ಕೆ 6,000, ಬ್ಯಾಂಕಿಗೆ 500. ತೋಟಕ್ಕೆ ಬಂದಾಗ 1,50,000. ಆಗ ಇಲ್ಲಿಯ ಬೆಲೆ 1,90,000.

ಮೊದಲ ಸಲ ಬಂದರು, ಏಜೆಂಟ್, ಲಾರಿ ಇಷ್ಟಕ್ಕೇ 52,000 ಹೋಗಿತ್ತು. ಎರಡನೇ ಸಲ ಹಡಗೂ ಸೇರಿ 19,000. ಕಾರಣ ಸರಳ. ದಾಖಲೆ, ಡೆಲಿವರಿ ಆರ್ಡರ್, ಏಜೆಂಟ್ ಫೀ ಇವು ಒಂದು ಪೆಟ್ಟಿಗೆಗೂ ಅಷ್ಟೇ, ಐದಕ್ಕೂ ಹೆಚ್ಚುಕಮ್ಮಿ ಅಷ್ಟೇ. ಲಾರಿಯೂ ಹಾಗೇ. ಒಬ್ಬನೇ ಆಟೋ ಮಾಡಿಕೊಂಡು ಹೋಗುವುದಕ್ಕೂ ಐದು ಜನ ಕೂಡಿ ಹೋಗುವುದಕ್ಕೂ ಇರುವ ವ್ಯತ್ಯಾಸ.

ಅದಕ್ಕೇ ನನ್ನ ಅಭಿಪ್ರಾಯ: ಈ ಕೆಲಸ ಮಾಡಬೇಕಾದ್ದು ರೈತ ಉತ್ಪಾದಕ ಸಂಸ್ಥೆಗಳು, ಸೊಸೈಟಿಗಳು. ಗೊಬ್ಬರ ಮಾರಿ ಕೂತರೆ ಸಾಲದು. ಐಇಸಿ ಸಂಸ್ಥೆಯ ಹೆಸರಲ್ಲಿರಲಿ. ಸದಸ್ಯರಿಂದ ಮುಂಗಡ ತಗೊಂಡು ವರ್ಷಕ್ಕೊಮ್ಮೆ ಒಟ್ಟಿಗೆ ತರಿಸಲಿ. ಜಿಎಸ್‌ಟಿ ನೋಂದಣಿ ಇದ್ದರೆ ಬಂದರಿನಲ್ಲಿ ಕಟ್ಟಿದ ಐಜಿಎಸ್‌ಟಿಯ ಕ್ರೆಡಿಟ್ ಸಿಗುತ್ತದೆ, ಸದಸ್ಯರಿಗೆ ಮಾರುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಒಬ್ಬ ರೈತನಿಗೆ ಈ ಅನುಕೂಲ ಇಲ್ಲ.

"ನಮ್ಮ ದೇಶದ್ದು ಬಿಟ್ಟು ಚೀನಾದ್ದು ಯಾಕೆ?" ಅಂತ ಕೇಳುವವರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. ನನ್ನ ಲೆಕ್ಕ ಹೀಗಿದೆ: ತೋಟದ ಬಾಗಿಲಿಗೆ ಬರುವ ಪೂರ್ತಿ ಖರ್ಚು ಹಾಕಿದ ಮೇಲೂ ಕಾಲು ಭಾಗದಷ್ಟಾದರೂ ಉಳಿಯದಿದ್ದರೆ ಇಲ್ಲಿಯದನ್ನೇ ತಗೊಳ್ಳಿ. ನಮ್ಮ ಎರಡನೇ ಯಂತ್ರವೂ ಈ ಗೆರೆಗೆ ಸ್ವಲ್ಪ ಕೆಳಗೇ ನಿಂತಿತು. ಬಿಡಿಭಾಗ ಜೊತೆಗೇ ಬಂದದ್ದರಿಂದ ಧೈರ್ಯ ಮಾಡಿದೆವು. ರಿಪೇರಿ ಮಾಡುವವನು ಹತ್ತು ಮೈಲಿಯಲ್ಲಿದ್ದಾನೆ ಅನ್ನುವುದಕ್ಕೂ ಬೆಲೆ ಇದೆ. ಇಲಾಖೆಯ ಸಬ್ಸಿಡಿ ಸಿಗುವುದೂ ಇಲಾಖೆ ಒಪ್ಪಿದ ಪಟ್ಟಿಯ ಯಂತ್ರಕ್ಕೆ, ನಾವೇ ತರಿಸಿದ್ದಕ್ಕಲ್ಲ. ವರ್ಷಕ್ಕೆ ಹತ್ತು ದಿನ ಬೇಕಾಗುವ ಯಂತ್ರವಾದರೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಬಾಡಿಗೆಗೆ ಸಿಗುತ್ತದಾ ಅಂತ ಮೊದಲು ವಿಚಾರಿಸಿ.

ತರಿಸುವುದೇ ಅಂತ ತೀರ್ಮಾನಿಸಿದರೆ ಇಷ್ಟು ನೆನಪಿರಲಿ:

1. ಬ್ಲೇಡು, ಬೇರಿಂಗು, ಬೆಲ್ಟು, ಕಾರ್ಬ್ಯುರೇಟರ್ ಎರಡು ಸೆಟ್ ಅದೇ ಪೆಟ್ಟಿಗೆಯಲ್ಲಿ ಬರಲಿ. ಬೇರಿಂಗ್ ನಂಬರ್ ಮೊದಲೇ ಕೇಳಿ, ನಮ್ಮ ಪೇಟೆಯಲ್ಲಿ ಸಿಗುವಂಥದ್ದೇ ಹಾಕಿಸಿ.
2. ಮುಂಗಡ ಶೇ 30ಕ್ಕಿಂತ ಹೆಚ್ಚು ಬೇಡ. ನಡುವೆ ಬ್ಯಾಂಕ್ ಖಾತೆ ಬದಲಾಯಿತು ಅಂತ ಮೇಲ್ ಬಂದರೆ ದುಡ್ಡು ಹಾಕಬೇಡಿ, ವಿಡಿಯೊ ಕರೆ ಮಾಡಿ ಖಾತ್ರಿ ಮಾಡಿಕೊಳ್ಳಿ.
3. ಟ್ಯಾಂಕಿನಲ್ಲಿ ಪೆಟ್ರೋಲ್, ಆಯಿಲ್ ಇರಬಾರದು. ಲಿಥಿಯಂ ಬ್ಯಾಟರಿ ಇದ್ದರೆ ಅಪಾಯಕಾರಿ ಸರಕಿನ ನಿಯಮ, ಖರ್ಚು ಬೇರೆ.
4. ಜನವರಿ-ಫೆಬ್ರವರಿಯಲ್ಲಿ ಚೀನೀ ಹೊಸ ವರ್ಷಕ್ಕೆ ಕಾರ್ಖಾನೆಗಳು ವಾರಗಟ್ಟಲೆ ಮುಚ್ಚುತ್ತವೆ. ಕಾರ್ಖಾನೆಯಿಂದ ತೋಟಕ್ಕೆ ಒಂದೂವರೆ, ಎರಡು ತಿಂಗಳು ಹಿಡಿಯಿರಿ. ಮಾರ್ಚಿಗೆ ಬೇಕಾದರೆ ಅಕ್ಟೋಬರಿನಲ್ಲೇ ಆರ್ಡರ್ ಕೊಡಿ.

ಎರಡನೇ ಸಲದ ಐದು ಜನರಲ್ಲಿ ಅಣ್ಣಯ್ಯನೂ ಒಬ್ಬರು. ಕೇಳಲು ನನಗೆ ಮುಖ ಇರಲಿಲ್ಲ, ಅವರೇ ಬಂದರು. "ಈ ಸಲ ಲೆಕ್ಕ ನಾನು ಬರೀತೆ, ನೀ ಫೋನ್ ಮಾತ್ರ ಮಾಡು" ಅಂದರು. ಹಾಗೇ ಮಾಡಿದೆವು. ನೀವೂ ಆರ್ಡರ್ ಕೊಡುವ ಮೊದಲು ಪಕ್ಕದ ತೋಟದವರ ಜೊತೆ ಕೂತು, ತೋಟದ ಬಾಗಿಲಿನ ತನಕದ ಲೆಕ್ಕ ಒಂದು ಹಾಳೆಯಲ್ಲಿ ಬರೆಯಿರಿ. ಆಮೇಲೆ ಬೇಕೋ ಬೇಡವೋ ತೀರ್ಮಾನ ಮಾಡಿ.